ಗೊತ್ತಿರುವವರ ಕೈಗೆ ಚಾಕ್ ಕೊಡಬೇಡಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಂಬೈಂಡ್ ಸ್ಟಡಿ ಬಗ್ಗೆಯೇ ಇವೆ. ಪರೀಕ್ಷೆ ಹತ್ತಿರ ಬಂತು ಅಂತ ಇದರಿಂದಲೇ ಗೊತ್ತಾಗುತ್ತದೆ. ಉಳಿದ ಪ್ರಶ್ನೆಗಳನ್ನು (ರಾತ್ರಿ ಓದಿದರೆ ಕೂದಲು ಉದುರುತ್ತದಾ ಅಂತ ಕೇಳಿದವರೂ ಇದ್ದಾರೆ) ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ ನಮಸ್ಕಾರ. ನಾನು ಸರ್ಕಾರಿ ಕಾಲೇಜಿನಲ್ಲಿ ಸೆಕೆಂಡ್ ಪಿಯು ಸೈನ್ಸ್. ನಮ್ಮ ಫಿಸಿಕ್ಸ್ ಲೆಕ್ಚರರ್ ಆಗಸ್ಟ್‌ನಲ್ಲಿ ವರ್ಗವಾಗಿ ಹೋದರು, ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಹಾಸ್ಟೆಲ್‌ನಲ್ಲಿರುವ ನಾವು ಹನ್ನೊಂದು ಹುಡುಗಿಯರು ಸೇರಿ, ನಾವೇ ಓದಿಕೊಳ್ಳೋಣ ಅಂತ ಪಾಠ ಹಂಚಿಕೊಂಡೆವು. ಮೊದಲ ವಾರ ಚೆನ್ನಾಗಿತ್ತು. ಈಗ ನಾನು ಮತ್ತು ಇನ್ನೊಬ್ಬಳು ಮಾತ್ರ ಓದಿ ಹೇಳುತ್ತೇವೆ. ಉಳಿದವರು ನಮ್ಮ ನೋಟ್ಸ್ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಇದನ್ನು ಬಿಟ್ಟು ನನ್ನಷ್ಟಕ್ಕೆ ನಾನು ಓದಿಕೊಳ್ಳಲಾ?
– ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ಬಿಡಬೇಡ. ಹೀಗೇ ನಡೆಸಲೂ ಬೇಡ.

ಕೈ ಕೆಸರು ಇಬ್ಬರದು, ಬಾಯಿ ಮೊಸರು ಹನ್ನೊಂದು ಜನರದು ಅಂತ ನಿನಗೆ ಸಿಟ್ಟು ಬಂದಿದೆ, ಅಲ್ವಾ? ಆದರೆ ಒಂದು ಮಾತು ಹೇಳಲಾ, ಮೊಸರು ಸಿಗುತ್ತಿರುವುದು ನಿಮಗಿಬ್ಬರಿಗೇ. ಓದಿ, ಯೋಚಿಸಿ, ನಿಂತು ಹೇಳಿದವರು ನೀವು. ಉಳಿದ ಒಂಬತ್ತು ಜನಕ್ಕೆ ಸಿಕ್ಕಿದ್ದು ಫೋಟೋ. ಅದು ಅವರಿಗೆ ಗೊತ್ತಾಗುವುದು ಪರೀಕ್ಷೆ ಹಾಲ್‌ನಲ್ಲಿ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಮೊದಲು ಬೇರೆ ಕೆಲಸ. ನೀವು ಓದಿಕೊಳ್ಳುತ್ತಿದ್ದೀರಿ ಅಂದ ಮಾತ್ರಕ್ಕೆ ಲೆಕ್ಚರರ್ ಬೇಡ ಅಂತ ಅಲ್ಲ. ಹನ್ನೊಂದೂ ಜನ ಸಹಿ ಹಾಕಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡಿ, ಅದರದೇ ಪ್ರತಿ ಪದವಿ ಪೂರ್ವ ಶಿಕ್ಷಣದ ಜಿಲ್ಲಾ ಉಪನಿರ್ದೇಶಕರಿಗೆ ಕಳಿಸಿ. ಕಾಯಂ ಲೆಕ್ಚರರ್ ಬರುವವರೆಗೆ ಅತಿಥಿ ಉಪನ್ಯಾಸಕರನ್ನಾದರೂ ಕೊಡಿ ಅಂತ ಕೇಳಿ. ಅಪ್ಪ ಅಮ್ಮಂದಿರ ಸಹಿಯೂ ಇದ್ದರೆ ತೂಕ ಜಾಸ್ತಿ. ಇದೂ ನಿಮ್ಮ ಓದಿನ ಜವಾಬ್ದಾರಿಯ ಒಂದು ಭಾಗವೇ.

ಇನ್ನು ಗುಂಪಿನ ವಿಷಯ. ಹನ್ನೊಂದು ಜನ ಜಾಸ್ತಿ ಆಯಿತು. ರಿಂಗಲ್‌ಮನ್ ಅಂತ ಫ್ರಾನ್ಸಿನ ಒಬ್ಬ ಕೃಷಿ ಎಂಜಿನಿಯರ್ ಇದ್ದ. ಜನರಿಂದ ಹಗ್ಗ ಎಳೆಸಿ ಅಳೆದು ನೋಡಿದ, 1913ರಲ್ಲಿ ಅದನ್ನು ಪ್ರಕಟಿಸಿದ. ಎಳೆಯುವವರು ಹೆಚ್ಚಾದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಿತ್ತು. ತೇರು ಎಳೆಯುವಾಗ ಸುಮ್ನೆ ಹಗ್ಗ ಮುಟ್ಟಿಕೊಂಡು ನಡೆಯುವವರನ್ನು ನಾವೆಲ್ಲ ನೋಡಿದ್ದೇವಲ್ಲ, ಹಾಗೇ. ಅವರು ಕೆಟ್ಟವರೇನಲ್ಲ. ತಾನು ಎಳೆಯದಿದ್ದರೂ ತೇರು ಹೋಗುತ್ತದೆ ಅಂತ ಅವರಿಗೆ ಗೊತ್ತು, ಅಷ್ಟೇ. ನಾಲ್ಕು, ನಾಲ್ಕು, ಮೂರು ಅಂತ ಒಡೆದುಬಿಡಿ. ಮೂರು ಜನರಲ್ಲಿ ಒಬ್ಬಳು ಸುಮ್ಮನೆ ಕೂತರೆ ತಕ್ಷಣ ಕಾಣುತ್ತದೆ.

ಎರಡನೆಯದು, ಪಾಠ ಹಂಚಿಕೊಂಡಿದ್ದೇ ತಪ್ಪು. ಸೆಕೆಂಡ್ ಪಿಯು ಫಿಸಿಕ್ಸ್‌ನಲ್ಲಿ 14 ಅಧ್ಯಾಯ. ಹನ್ನೊಂದು ಜನ ಹಂಚಿಕೊಂಡರೆ ಒಬ್ಬಳಿಗೆ ಒಂದೋ ಎರಡೋ. ಆಗ ಅವಳು ತನ್ನದನ್ನು ಓದುತ್ತಾಳೆ, ಉಳಿದ ಹನ್ನೆರಡು ಹದಿಮೂರನ್ನು ಕಥೆ ಕೇಳಿದ ಹಾಗೆ ಕೇಳುತ್ತಾಳೆ. ಮದುವೆ ಮನೆಯಲ್ಲಿ ಒಬ್ಬರು ಅನ್ನ, ಒಬ್ಬರು ಸಾರು ಅಂತ ಬಡಿಸುವ ಕೆಲಸವನ್ನು ಹಂಚಿಕೊಳ್ಳಬಹುದು. ಊಟವನ್ನು ಹಂಚಿಕೊಂಡು ನನ್ನ ಪಾಲಿನದನ್ನೂ ನೀನೇ ಮಾಡು ಅನ್ನಲು ಆಗುತ್ತದಾ?

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಗತಿ. 1970ರ ದಶಕದಲ್ಲಿ ಅಲ್ಲಿ ಯೂರಿ ಟ್ರೈಸ್‌ಮನ್ ಅಂತ ಒಬ್ಬರು ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದರು. ಮೊದಲ ವರ್ಷದ ಕಲನಶಾಸ್ತ್ರದಲ್ಲಿ (ಕ್ಯಾಲ್ಕುಲಸ್) ಕಪ್ಪು ಜನಾಂಗದ ವಿದ್ಯಾರ್ಥಿಗಳು ತುಂಬ ಜನ ಫೇಲಾಗುತ್ತಿದ್ದರು, ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಯಾಕೆ ಅಂತ ಪ್ರಾಧ್ಯಾಪಕರನ್ನು ಕೇಳಿದರೆ ಉತ್ತರ ರೆಡಿ ಇತ್ತು: ಆಸಕ್ತಿ ಇಲ್ಲ, ಬುನಾದಿ ಸರಿಯಿಲ್ಲ, ಮನೆಯಲ್ಲಿ ಓದಿನ ವಾತಾವರಣ ಇಲ್ಲ. (ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಮಾತು ಕೇಳಿದ್ದೇನೆ, ಜನಾಂಗದ ಹೆಸರು ಮಾತ್ರ ಬೇರೆ.) ಟ್ರೈಸ್‌ಮನ್ ಅದನ್ನು ನಂಬದೆ, ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಆರಿಸಿಕೊಂಡು ಸುಮಾರು ಒಂದೂವರೆ ವರ್ಷ ಅವರ ಹಿಂದೆಯೇ ಓಡಾಡಿ, ಅವರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಓದುತ್ತಾರೆ, ಯಾರ ಜೊತೆ ಓದುತ್ತಾರೆ ಅಂತ ನೋಡಿದರು.

ಕಪ್ಪು ವಿದ್ಯಾರ್ಥಿಗಳು ಸೋಮಾರಿಗಳಾಗಿರಲಿಲ್ಲ. ಹೇಳಿದಷ್ಟು, ಅಂದರೆ ವಾರಕ್ಕೆ 8 ಗಂಟೆ ಓದುತ್ತಿದ್ದರು. ಆದರೆ ಒಬ್ಬೊಬ್ಬರೇ. ಲೆಕ್ಕ ಬರದಿದ್ದರೆ, ತಪ್ಪು ತನ್ನದೋ, ಲೆಕ್ಕವೇ ಕಷ್ಟದ್ದೋ ಅಂತ ತಿಳಿಯಲು ದಾರಿಯೇ ಇರಲಿಲ್ಲ. ಚೀನೀ ಹುಡುಗರು 14 ಗಂಟೆಯಷ್ಟು ಓದುತ್ತಿದ್ದರು. ಅದರಲ್ಲೂ ಮೊದಲು ಒಬ್ಬೊಬ್ಬರೇ ಕೂತು ಲೆಕ್ಕ ಬಿಡಿಸಿ, ಆಮೇಲೆ ಸಂಜೆ ಸೇರಿ ಒಬ್ಬರ ಉತ್ತರ ಒಬ್ಬರು ತಿದ್ದುತ್ತಿದ್ದರು. ಎಲ್ಲರಿಗೂ ಒಂದು ಲೆಕ್ಕ ಬರದಿದ್ದರೆ ಅದು ನಿಜವಾಗಿಯೂ ಕಷ್ಟದ್ದು ಅಂತ ಗೊತ್ತಾಗುತ್ತಿತ್ತು. ಆಮೇಲೆ ಟ್ರೈಸ್‌ಮನ್ ಗುಂಪಿನಲ್ಲಿ ಕೂತು ಬಿಡಿಸುವ ತರಗತಿಗಳನ್ನು ಶುರು ಮಾಡಿದರು. ‘ದಡ್ಡರಿಗೆ ಸ್ಪೆಷಲ್ ಕ್ಲಾಸ್’ ಅಂತ ಸುಲಭದ ಲೆಕ್ಕ ಕೊಡಲಿಲ್ಲ, ಕಷ್ಟದ ಲೆಕ್ಕವನ್ನೇ ಕೊಟ್ಟರು. ಅಲ್ಲಿಗೆ ಬಂದ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತು.

ನಿನಗೆ ಬೇಕಾದದ್ದು ಇದರಲ್ಲಿ ಇದೆ ನೋಡು: ಮೊದಲು ಒಬ್ಬೊಬ್ಬರೇ, ಆಮೇಲೆ ಸೇರಿ. ನೀವು ಉಲ್ಟಾ ಮಾಡಿದ್ದೀರಿ. ಓದದೆ ಬಂದು ಸೇರುತ್ತೀರಿ, ಇಬ್ಬರು ಹೇಳುತ್ತೀರಿ.

ಹಾಗಾದರೆ ಹೇಗೆ ಕೂರುವುದು? ನಾನು ಹಾಸ್ಟೆಲ್ ವಾರ್ಡನ್ ಆಗಿದ್ದಾಗ ನೋಡಿದ್ದನ್ನು ಹೇಳುತ್ತೇನೆ. ರಾತ್ರಿ ಊಟ ಆದ ಮೇಲೆ ಡೈನಿಂಗ್ ಹಾಲ್ ಮೂಲೆಯಲ್ಲಿ ಮೂವರು ಹುಡುಗಿಯರು ಕೂರುತ್ತಿದ್ದರು. ಬೋರ್ಡ್ ಇಲ್ಲ. ಹಳೇ ಕ್ಯಾಲೆಂಡರ್ ಹಾಳೆಗಳನ್ನು ತಿರುಗಿಸಿ, ಅನ್ನದ ಅಗುಳಿನಲ್ಲಿ ಗೋಡೆಗೆ ಅಂಟಿಸಿಕೊಂಡಿದ್ದರು. (ಗೋಡೆ ಹಾಳಾಯಿತು ಅಂತ ನಾನು ಬೈದೆ. ಆಮೇಲೆ ನಾನೇ ಹಾಳೆ ತಂದುಕೊಟ್ಟೆ.) ಅವತ್ತು ವೀಟ್‌ಸ್ಟನ್ ಬ್ರಿಡ್ಜ್, ಅಂದರೆ ಗೊತ್ತಿಲ್ಲದ ರೋಧವನ್ನು (ರೆಸಿಸ್ಟನ್ಸ್) ಅಳೆಯುವ ಸರ್ಕ್ಯೂಟ್. ಮೂವರಲ್ಲಿ ಜಾಣೆ ಅನಿಸಿಕೊಂಡವಳು ಕೈ ಕಟ್ಟಿ ಕೂತಿದ್ದಳು. ಪೆನ್ಸಿಲ್ ಇದ್ದದ್ದು ಎಲ್ಲರಿಗಿಂತ ಹಿಂದೆ ಇದ್ದವಳ ಕೈಯಲ್ಲಿ. ಅವಳು ವಜ್ರಾಕಾರ ಬರೆದಳು, ನಾಲ್ಕು ರೋಧ ಗುರುತಿಸಿದಳು, ಮಧ್ಯೆ ಕರೆಂಟ್ ಹರಿಯುತ್ತಿದೆಯಾ ಅಂತ ತೋರಿಸುವ ಗ್ಯಾಲ್ವನೋಮೀಟರ್ ಹಾಕಿದಳು, ‘ಇದರಾಗ ಕರೆಂಟ್ ಸೊನ್ನಿ’ ಅಂತ ಬರೆದು ನಿಂತುಬಿಟ್ಟಳು. ಪುಸ್ತಕದಲ್ಲಿ ಹಾಗೆ ಇದೆ, ಬರೆದಿದ್ದಾಳೆ. ಆಮೇಲೆ ತಿರುಗಿ ಕೇಳಿದಳು, ‘ಸೊನ್ನಿ ಅಂದ್ರ ಆ ಕರೆಂಟ್ ಎಲ್ಲಿ ಹೋತು?’

ಮೂವರೂ ಸುಮ್ಮನಾದರು. ಜಾಣೆಗೂ ಗೊತ್ತಿರಲಿಲ್ಲ! ಸೂತ್ರ ಬಾಯಿಪಾಠ ಇತ್ತು, ಅಷ್ಟೇ. ಐದು ನಿಮಿಷ ಆದ ಮೇಲೆ ಮೂರನೆಯವಳು, ಹೊಲದಲ್ಲಿ ನೀರು ಹಾಯಿಸಿ ಗೊತ್ತಿದ್ದ ಹುಡುಗಿ, ಹೇಳಿದಳು: ಎರಡು ಕಾಲುವೆಯಲ್ಲಿ ನೀರು ಒಂದೇ ಮಟ್ಟದಲ್ಲಿದ್ದರೆ, ನಡುವೆ ಒಂದು ಸಣ್ಣ ಕಾಲುವೆ ಕಡಿದರೂ ಅದರಲ್ಲಿ ನೀರು ಯಾಕೆ ಹರಿಯುತ್ತದೆ? ಆ ಕಡೆಗೂ ಹೋಗಲ್ಲ, ಈ ಕಡೆಗೂ ಬರಲ್ಲ. ದೊಡ್ಡ ಕಾಲುವೆಗಳಲ್ಲಿ ಹರಿಯುವುದು ಹರಿಯುತ್ತಲೇ ಇರುತ್ತದೆ. ಸರಿಯಾಗಿಯೇ ಇತ್ತು. ಎರಡು ತುದಿಗಳ ವಿಭವ (ಪೊಟೆನ್ಶಿಯಲ್) ಒಂದೇ ಆದಾಗ ನಡುವಿನ ತಂತಿಯಲ್ಲಿ ಕರೆಂಟ್ ಇಲ್ಲ, ಉಳಿದ ನಾಲ್ಕು ತೋಳುಗಳಲ್ಲಿ ಇದ್ದೇ ಇದೆ. ಬಾಗಿಲಲ್ಲಿ ನಿಂತಿದ್ದ ನಾನು ಅದನ್ನು ಅಷ್ಟು ಚೆನ್ನಾಗಿ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಅವರದು ಒಂದೇ ನಿಯಮ. ಗೊತ್ತಿರುವವಳ ಕೈಯಲ್ಲಿ ಪೆನ್ಸಿಲ್ ಇರಬಾರದು. ಅವಳು ಬಾಯಿ ಬಿಟ್ಟರೂ ಪ್ರಶ್ನೆ ಕೇಳಲು ಮಾತ್ರ. ನೀವೂ ಹಾಗೇ ಮಾಡಿ. ದಿನಕ್ಕೆ ಮೂರೇ ಲೆಕ್ಕ, ಎಲ್ಲರಿಗೂ ಅವೇ ಮೂರು. ಮುಕ್ಕಾಲು ಗಂಟೆ ಯಾರೂ ಮಾತಾಡದೆ ಅವರವರೇ ಒದ್ದಾಡಿ, ಆಮೇಲೆ ತಪ್ಪು ಬಂದವಳು ಎದ್ದು ಬರೆಯಲಿ. ಖಾಲಿ ಹಾಳೆ ಹಿಡಿದು ಬಂದವಳಿಗೆ ಅವತ್ತು ಗುಂಪಿನಲ್ಲಿ ಜಾಗ ಇಲ್ಲ. ತಪ್ಪು ಮಾಡಿ ತಂದವಳಿಗೆ ಇದೆ. ಇಷ್ಟು ಕಟ್ಟುನಿಟ್ಟು ನೀನೇ ಮಾಡಬೇಕಾಗುತ್ತದೆ, ಎರಡು ದಿನ ಮುಖ ಊದಿಸಿಕೊಳ್ಳುತ್ತಾರೆ, ಆಮೇಲೆ ಸರಿಹೋಗುತ್ತಾರೆ. ಸರಿಹೋಗದವರನ್ನು ಬಿಟ್ಟುಬಿಡು. ಯಾರಿಗೂ ಬಿಡಿಸಲಾಗದ ಲೆಕ್ಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಹದಿನೈದು ದಿನಕ್ಕೊಮ್ಮೆ ಹತ್ತಿರದ ಬೇರೆ ಕಾಲೇಜಿನ ಫಿಸಿಕ್ಸ್ ಲೆಕ್ಚರರ್ ಹತ್ತಿರ ಹೋಗಿ. ‘ಪಾಠ ಮಾಡಿ’ ಅಂದರೆ ಟೈಮ್ ಇಲ್ಲ ಅನ್ನಬಹುದು. ‘ಈ ಏಳು ಲೆಕ್ಕ ಬರಲಿಲ್ಲ, ಇಲ್ಲಿಯವರೆಗೆ ಬಂದು ನಿಂತಿದೆ’ ಅಂತ ತೋರಿಸಿದರೆ ಯಾವ ಮೇಷ್ಟ್ರೂ ವಾಪಸ್ ಕಳಿಸುವುದಿಲ್ಲ. ನಾನಂತೂ ಕಳಿಸಿಲ್ಲ.

ಪ್ರಶ್ನೆ: ನನ್ನ ಮಗ ಎಸ್ಸೆಸ್ಸೆಲ್ಸಿ. ದಿನಾ ಸಂಜೆ ಕಂಬೈಂಡ್ ಸ್ಟಡಿ ಅಂತ ಗೆಳೆಯನ ಮನೆಗೆ ಹೋಗುತ್ತಾನೆ, ಬರುವುದು ರಾತ್ರಿ ಹತ್ತಕ್ಕೆ. ಏನು ಓದಿದೆ ಅಂದರೆ ‘ಮ್ಯಾಥ್ಸ್’ ಅನ್ನುತ್ತಾನೆ. ನಂಬಬೇಕೋ ಬೇಡವೋ ತಿಳಿಯುತ್ತಿಲ್ಲ. ನಿಲ್ಲಿಸಿಬಿಡಲಾ?
– ಒಬ್ಬ ತಂದೆ, ತುಮಕೂರು

ಉತ್ತರ: ‘ಏನು ಓದಿದೆ’ ಅಂತ ಕೇಳಿದರೆ ಯಾವ ಹುಡುಗನೂ ಒಂದು ಪದಕ್ಕಿಂತ ಜಾಸ್ತಿ ಹೇಳುವುದಿಲ್ಲ ಸ್ವಾಮಿ. ನಾವೂ ಹೇಳುತ್ತಿರಲಿಲ್ಲ.

ಊಟ ಆದ ಮೇಲೆ ನೆಲದ ಮೇಲೆ ಒಂದು ಚಾಕ್ ಇಟ್ಟು, ‘ನನಗೂ ಒಂದು ಹೇಳಿಕೊಡೋ, ಮರೆತುಹೋಗಿದೆ’ ಅನ್ನಿ. ಥೇಲ್ಸ್ ಪ್ರಮೇಯ ಕೇಳಿ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದು). ಹತ್ತನೇ ಕ್ಲಾಸಿನ ಪ್ರತಿಯೊಬ್ಬ ಹುಡುಗನಿಗೂ ಅದರ ಸಾಧನೆ ಬಾಯಿಗೆ ಬರುತ್ತದೆ. ಎಬಿಸಿ ತ್ರಿಭುಜ ಬರೆಯುತ್ತಾನೆ, ಒಳಗೆ ಪಾದ ಬಿಸಿಗೆ ಸಮಾಂತರವಾಗಿ ಡಿಇ ಗೆರೆ ಎಳೆಯುತ್ತಾನೆ, ವಿಸ್ತೀರ್ಣಗಳ ಅನುಪಾತ ಬರೆಯುತ್ತಾನೆ. ನೀವು ಒಂದೇ ಕಡೆ ತಡೆಯಿರಿ: ‘ಬಿಡಿಇ ಮತ್ತು ಸಿಡಿಇ ತ್ರಿಭುಜಗಳ ವಿಸ್ತೀರ್ಣ ಸಮ ಅಂದೆಯಲ್ಲ, ನೋಡಲು ಬೇರೆ ಬೇರೆ ಇವೆ, ಯಾಕೆ ಸಮ?’ ಎರಡಕ್ಕೂ ಪಾದ ಡಿಇ, ಎರಡೂ ಅದೇ ಸಮಾಂತರ ಗೆರೆಗಳ ನಡುವೆ ಇವೆ, ಹಾಗಾಗಿ ಎತ್ತರ ಒಂದೇ ಅಂತ ತನ್ನ ಮಾತಿನಲ್ಲಿ ಹೇಳಿದರೆ ಆ ಮನೆಯಲ್ಲಿ ಓದು ನಡೆಯುತ್ತಿದೆ. ಹೇಳಲು ಆಗದಿದ್ದರೆ ಬೈಯಬೇಡಿ, ‘ನಾಳೆ ಗೆಳೆಯರನ್ನು ಕೇಳಿಕೊಂಡು ಬಂದು ಹೇಳು’ ಅಂತ ಬಿಡಿ. ಮಾರನೇ ದಿನ ಅಲ್ಲಿ ಏನು ನಡೆಯುತ್ತದೆ ಅನ್ನುವುದು ಅದರಿಂದಲೇ ಬದಲಾಗುತ್ತದೆ.

ಗುಂಪಿನಲ್ಲಿ ಓದುವಾಗ ಆಗುವ ದೊಡ್ಡ ಮೋಸ ಮೊಬೈಲ್ ಅಲ್ಲ. ಹರಟೆಯೂ ಅಲ್ಲ, ಸ್ವಲ್ಪ ಹರಟೆ ಇರಲಿ ಬಿಡಿ. ಒಬ್ಬ ಜೋರಾಗಿ ಓದುತ್ತಾನೆ, ಮೂವರು ಕೇಳುತ್ತಾರೆ, ಎಲ್ಲರಿಗೂ ‘ಅರ್ಥ ಆಯಿತು’ ಅನಿಸುತ್ತದೆ. ಅದೇ ಮೋಸ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಒಂದು ಪಾಠವನ್ನು ಕೆಲವರು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದವರು ಮುಂದೆ. ಹುಡುಗರು ಐದು ನಿಮಿಷದ ಲೆಕ್ಕ ನಂಬುತ್ತಾರೆ, ಪರೀಕ್ಷೆ ಬರುವುದು ವಾರಗಳ ಮೇಲೆ.

ನಿಲ್ಲಿಸಬೇಡಿ. ವಾರಕ್ಕೆ ಎರಡು ದಿನ ಆ ಗುಂಪನ್ನು ನಿಮ್ಮ ಮನೆಗೇ ಕರೆಯಿರಿ. ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟು ಆ ಕಡೆ ಹೋಗಿಬಿಡಿ, ಬಾಗಿಲಲ್ಲಿ ನಿಂತು ಇಣುಕಬೇಡಿ. ಟೈಮ್ ಮಾತ್ರ ಎಂಟೂವರೆಗೆ ಮುಗಿಯಲಿ. ಹತ್ತು ಗಂಟೆ ಜಾಸ್ತಿ ಆಯಿತು, ಅದರಲ್ಲಿ ನಾನು ನಿಮ್ಮ ಕಡೆ.

ಪ್ರಶ್ನೆ: ನಾನು ಕ್ಲಾಸಿಗೆ ಫಸ್ಟ್. ಎಲ್ಲರೂ ನನ್ನ ಹತ್ತಿರ ಡೌಟ್ ಕೇಳುತ್ತಾರೆ. ಹೇಳಿಕೊಟ್ಟರೆ ಸಿಇಟಿಯಲ್ಲಿ ನನ್ನ ರ‍್ಯಾಂಕ್ ಹಿಂದೆ ಹೋಗಲ್ವಾ? ನೇರವಾಗಿ ಹೇಳಿ.
– ವಿದ್ಯಾರ್ಥಿ, ಉಡುಪಿ ಜಿಲ್ಲೆ

ಉತ್ತರ: ನೇರವಾಗಿ ಕೇಳಿದ್ದಕ್ಕೆ ಮೆಚ್ಚಿದೆ. ಬಹಳ ಜನ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ‘ನಂಗೂ ಗೊತ್ತಿಲ್ಲ ಮಾರಾಯ’ ಅಂತ ಜಾರಿಕೊಳ್ಳುತ್ತಾರೆ.

ಸಿಇಟಿ ಬರೆಯುವುದು ಇಡೀ ರಾಜ್ಯ. ನಿನ್ನ ಬೆಂಚಿನ ನಾಲ್ಕು ಜನ ನಿನಗಿಂತ ಮುಂದೆ ಹೋದರೂ ನಿನ್ನ ರ‍್ಯಾಂಕ್ ನಾಲ್ಕು ಹಿಂದೆ ಹೋಗುತ್ತದೆ, ಅಷ್ಟೇ. ನಿನ್ನದೇ ಒಂದು ಪ್ರಶ್ನೆ ತಪ್ಪಾದರೆ ಅದಕ್ಕಿಂತ ಎಷ್ಟೋ ಜಾಸ್ತಿ ಹಿಂದೆ ಹೋಗುತ್ತದೆ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ಪಿಯು ಅಂಕ. ಇದರಲ್ಲಿ ಎಲ್ಲಿ ಎಡವುತ್ತೀಯ ಅಂತ ನಿನಗೆ ತೋರಿಸುವವರು ಡೌಟ್ ಕೇಳುವವರೇ. ಮೇಲಿನ ಹಾಸ್ಟೆಲ್ ಕಥೆ ಓದಿದೆಯಲ್ಲ, ಅಲ್ಲಿಯ ಜಾಣೆಗೆ ‘ಕರೆಂಟ್ ಎಲ್ಲಿ ಹೋತು’ ಅಂತ ಯಾರೂ ಕೇಳದೇ ಇದ್ದಿದ್ದರೆ ತನಗೆ ಗೊತ್ತಿಲ್ಲ ಅನ್ನುವುದೂ ಗೊತ್ತಾಗುತ್ತಿರಲಿಲ್ಲ.

ಆದರೆ ಇಪ್ಪತ್ತನಾಲ್ಕು ಗಂಟೆ ಅಂಗಡಿ ತೆರೆದಿಡಬೇಡ. ದಿನಕ್ಕೆ ಅರ್ಧ ಗಂಟೆ ಅಂತ ಹೇಳಿಬಿಡು. ಅದೂ ‘ನೀನು ಎಲ್ಲಿಯವರೆಗೆ ಮಾಡಿದೆ, ತೋರಿಸು’ ಅಂತ ಕೇಳಿ, ಅಲ್ಲಿಂದ ಮುಂದೆ ಒಂದೇ ಹೆಜ್ಜೆ. ಪೂರ್ತಿ ಬಿಡಿಸಿ ಕೊಟ್ಟರೆ ಅವನಿಗೂ ನಷ್ಟ, ನಿನಗೂ ಟೈಮ್ ದಂಡ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಶಿಕ್ಷಕ. ‘ಮಕ್ಕಳೇ ತಮ್ಮ ಕಲಿಕೆಯ ಜವಾಬ್ದಾರಿ ಹೊರಬೇಕು, ಶಿಕ್ಷಕ ಅನುಕೂಲಕಾರ ಮಾತ್ರ’ ಅಂತ ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ. ಹಾಗಾದರೆ ನಮಗೇನು ಕೆಲಸ? ಇದೆಲ್ಲ ಶಿಕ್ಷಕರ ಸಂಖ್ಯೆ ಕಡಿಮೆ ಮಾಡುವ ಉಪಾಯ ಅನಿಸುತ್ತದೆ.
– ಶಿಕ್ಷಕರು, ಚಾಮರಾಜನಗರ ಜಿಲ್ಲೆ

ಉತ್ತರ: ನಿಮ್ಮ ಅನುಮಾನಕ್ಕೆ ಇತಿಹಾಸದ ಬೆಂಬಲ ಇದೆ ಮೇಷ್ಟ್ರೇ.

ಹಿಂದೆ ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿ, ಅಂದರೆ ಹಳೇ ಕಾಲದ ಊರ ಶಾಲೆಗಳಲ್ಲಿ, ಐಗಳು (ಮೇಷ್ಟ್ರು) ಒಬ್ಬರೇ ಇರುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರ ಕೈ ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ದಕ್ಷಿಣದಲ್ಲಿ ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಇತ್ತು. ಮದ್ರಾಸಿನ ಎಗ್ಮೋರಿನಲ್ಲಿ ಅನಾಥಾಲಯದ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಅನ್ನುವ ಪಾದ್ರಿ, ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ನೋಡಿ ತನ್ನ ಶಾಲೆಯಲ್ಲೂ ಶುರು ಮಾಡಿದ, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ, ಇಂಗ್ಲೆಂಡಿಗೆ ಹೋಗಿ 1797ರಲ್ಲಿ ಅದನ್ನು ಅಚ್ಚು ಹಾಕಿಸಿದ. ‘ಮದ್ರಾಸ್ ಪದ್ಧತಿ’ ಅಂತಲೇ ಹೆಸರಾಯಿತು. ಅಲ್ಲಿ ಅದು ಎಲ್ಲರಿಗೂ ಯಾಕೆ ಅಷ್ಟು ಇಷ್ಟ ಆಯಿತು ಗೊತ್ತಾ? ಒಬ್ಬ ಮೇಷ್ಟ್ರಿಗೆ ಸಂಬಳ ಕೊಟ್ಟು ನೂರಾರು ಮಕ್ಕಳನ್ನು ಕೂರಿಸಬಹುದಿತ್ತು. ಅಗ್ಗ. ಮಾನಿಟರ್ ಆದ ಹುಡುಗ ತನಗೆ ಬಂದಷ್ಟನ್ನೇ ಒಪ್ಪಿಸುತ್ತಿದ್ದ, ಉಳಿದವರು ಅದನ್ನೇ ಉರು ಹೊಡೆಯುತ್ತಿದ್ದರು.

ಆದರೆ ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ನಲಿಕಲಿ ಪದ್ಧತಿ ಹಾಗಲ್ಲ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1995ರಲ್ಲಿ ನಿಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ ಅದು ಶುರುವಾದಾಗ ಅದಕ್ಕೆ ರೂಪ ಕೊಟ್ಟವರಲ್ಲಿ ನಿಮ್ಮಂಥ ಶಾಲಾ ಶಿಕ್ಷಕರೇ ಇದ್ದರು, ಆಂಧ್ರದ ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದು ಮಾಡಿದ್ದು. ಕಲಿಕಾ ಏಣಿ (ಕಲಿಯುವ ಮೆಟ್ಟಿಲುಗಳ ಪಟ್ಟಿ), ಮೈಲಿಗಲ್ಲು (ಅದರ ಒಂದೊಂದು ಹಂತ), ತಟ್ಟೆ (ಮಕ್ಕಳು ಕೂರುವ ಗುಂಪು). ಮೊದಲ ತಟ್ಟೆಯ ಮಕ್ಕಳ ಜೊತೆ ಮೇಷ್ಟ್ರು ಪೂರ್ತಿ ಇರಬೇಕು, ಆಮೇಲಿನ ತಟ್ಟೆಗಳಲ್ಲಿ ಗೆಳೆಯರ ನೆರವು, ಕೊನೆಗೆ ಸ್ವಂತ ಕಲಿಕೆ. ಅಂದರೆ ಮಗು ಯಾವ ತಟ್ಟೆಯಲ್ಲಿ ಕೂರಬೇಕು, ಯಾವಾಗ ಅಲ್ಲಿಂದ ಎದ್ದು ಮುಂದಿನದಕ್ಕೆ ಹೋಗಬೇಕು ಅಂತ ಕಣ್ಣಿಟ್ಟು ನೋಡುವವರು ಬೇಕೇ ಬೇಕು. ಬೋರ್ಡ್ ಮುಂದೆ ನಿಂತು ಪಾಠ ಮಾಡುವುದಕ್ಕಿಂತ ಇದು ಕಷ್ಟದ ಕೆಲಸ. ಇಪ್ಪತ್ತೈದು ಮಕ್ಕಳಿರುವ ಕೋಣೆಯಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತಾ ಇದನ್ನು ಮಾಡಲು ಆಗುವುದಿಲ್ಲ.

ಹಾಗಾಗಿ ತರಬೇತಿಯಲ್ಲಿ ಆ ಮಾತು ಬಂದಾಗ ‘ಒಪ್ಪುತ್ತೇನೆ, ನಮ್ಮ ಶಾಲೆಯಲ್ಲಿ ಖಾಲಿ ಇರುವ ಹುದ್ದೆ ತುಂಬಿದ ಮೇಲೆ ಮಕ್ಕಳಿಗೆ ಜವಾಬ್ದಾರಿ ಕೊಡುವುದನ್ನು ಇನ್ನೂ ಚೆನ್ನಾಗಿ ಮಾಡುತ್ತೇನೆ’ ಅಂತ ಎದ್ದು ನಿಂತು ಹೇಳಿ. ನಗುತ್ತಲೇ ಹೇಳಿ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಸ್ಟಡಿ ಗ್ರೂಪ್ ಮಾಡಿದ್ದೇವೆ, 64 ಜನ ಇದ್ದೇವೆ. ಉಪಯೋಗ ಆಗುತ್ತಾ?
– ಬಿ.ಕಾಂ. ವಿದ್ಯಾರ್ಥಿ, ಮೈಸೂರು

ಉತ್ತರ: ಟೈಮ್‌ಟೇಬಲ್ ತಿಳಿಯಲು ಆಗುತ್ತದೆ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ನೋಡಲೂ ಆಗುತ್ತದೆ. ಬ್ಯಾಲೆನ್ಸ್ ಶೀಟ್ ಯಾಕೆ ಟ್ಯಾಲಿ ಆಗಲಿಲ್ಲ ಅಂತ ತಿಳಿಯಲು ಪಕ್ಕದಲ್ಲಿ ಒಬ್ಬರು ಕೂತು ನಿನ್ನ ಹಾಳೆಯನ್ನೇ ನೋಡಬೇಕು.

ಪ್ರಶ್ನೆ: ನಾನು ಹತ್ತರವರೆಗೆ ಕನ್ನಡ ಮೀಡಿಯಂ. ಈಗ ಡಿಪ್ಲೊಮಾ ಮಾಡುತ್ತಿದ್ದೇನೆ, ಎಲ್ಲ ಇಂಗ್ಲಿಷ್. ಗುಂಪಿನಲ್ಲಿ ಕೂರುತ್ತೇನೆ, ಆದರೆ ಬಾಯಿ ತೆಗೆಯಲು ಭಯ. ತಪ್ಪು ಮಾತಾಡಿದರೆ ನಗುತ್ತಾರೆ.
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಕನ್ನಡದಲ್ಲೇ ಮಾತಾಡಪ್ಪ. ಬರೆಯುವುದು ಇಂಗ್ಲಿಷಿನಲ್ಲಿ ಇರಲಿ, ಅರ್ಥ ಮಾಡಿಕೊಳ್ಳುವುದು ಮನೆಮಾತಿನಲ್ಲಿ ಆಗಲಿ. ಬರ್ಕ್ಲಿಯ ಆ ಚೀನೀ ಹುಡುಗರೂ ಲೆಕ್ಕದ ಜೊತೆಗೆ ಒಬ್ಬರ ಇಂಗ್ಲಿಷನ್ನು ಒಬ್ಬರು ತಿದ್ದಿಕೊಳ್ಳುತ್ತಿದ್ದರು. ಕಾಲುವೆ ನೀರಿನ ಉದಾಹರಣೆ ಕೊಟ್ಟ ಹುಡುಗಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಆವತ್ತು ಉತ್ತರ ಇದ್ದದ್ದು ಅವಳ ಹತ್ತಿರ ಮಾತ್ರ.

ಒಂದು ಉಪಾಯ ಮಾಡು. ಸೇರಿದ ಕೂಡಲೇ ಎಲ್ಲರೂ ತಮಗೆ ತಿಳಿಯದ ಒಂದು ವಿಷಯವನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದು ಟಿಫಿನ್ ಡಬ್ಬಿಗೆ ಹಾಕಲಿ. ಒಂದೊಂದೇ ತೆಗೆದು ಓದಿ. ನಿನ್ನದೇ ಪ್ರಶ್ನೆ ಇನ್ನಿಬ್ಬರ ಚೀಟಿಯಲ್ಲೂ ಇರುತ್ತದೆ, ನೋಡುತ್ತಿರು. ಇಲ್ಲದಿದ್ದರೆ ನನಗೆ ಬರೆ, ಯಾವ ಪ್ರಶ್ನೆ ಅಂತಲೂ ಬರೆ, ಮುಂದಿನ ತಿಂಗಳು ಕೂದಲಿನ ಪ್ರಶ್ನೆಗಿಂತ ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ.